ನಾಲ್ಕು ತಪ್ಪಿನ ಕೌದಿ

ಆ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಆಕಾಶ ಸರಿಯಾಗಿ ತೊಳೆಯದ ಹಾಲಿನ ಪಾತ್ರೆಯಂತೆ ಬೆಳ್ಳಗೆ ಮಂಕಾಗಿತ್ತು. ಎದುರು ಮನೆಯ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಗಳು ಒಂದಿಷ್ಟೂ ಅಲುಗದೆ, ಬೈಸಿಕೊಂಡ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಬೀದಿಯ ನಾಯಿಗೂ ಬೊಗಳಲು ಬೇಸರ. ಅಂಥ ಬೆಳಗಿನಲ್ಲಿ ಮಡಿಸಿದ ಕೌದಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಾಣದಕ್ಕನ ತಂಗಿಯ ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು.

"ಇದನ್ನ ಬಿಸಿಲಿಗೆ ಹಾಕಮ್ಮ. ನನ್ನ ಮೊಣಕಾಲು ಇವತ್ತು ಮೆಟ್ಟಿಲು ಹತ್ತಲ್ಲ ಅಂತಿದೆ. ಮಧ್ಯಾಹ್ನದೊಳಗೆ ತಂದು ನನ್ನ ಕೈಗೇ ಕೊಡು. ನಾಲ್ಕು ಕಡೆ ಹೊಲಿಗೆ ತಪ್ಪಿದೆ. ತಿದ್ದೋಕೆ ಮಾತ್ರ ಹೋಗ್ಬೇಡ."

ಈ ಮಾತನ್ನು ಬೇರೆ ಯಾರಿಗೆ ಹೇಳಿದ್ದರೂ ನಡೆಯುತ್ತಿತ್ತು. ಹೇಳಿದ್ದು ಬಾಣದಕ್ಕನಿಗೆ.

ಬಾಣದಕ್ಕ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷದಿಂದ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ತಪ್ಪು ಕಂಡಲ್ಲಿ ಕೆಂಪು ಬಾಣದ ಚೀಟಿ ಅಂಟಿಸಿ, ಹೊಲಿದವಳ ಮುಖದ ಮೇಲೆ ಎಸೆಯುವುದು ಅವಳ ಕೆಲಸ. ಅಂಟಿಸುವವರೆಗೆ ಕಂಪನಿಯ ಕೆಲಸ; ಎಸೆಯುವುದು ಅವಳದೇ ಸೇರ್ಪಡೆ. ಹೊಲಿಯುವ ಹೆಣ್ಣುಮಕ್ಕಳು ಹೆದರಿ ಇಟ್ಟ ಹೆಸರನ್ನು ಅವಳು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು. ತಂಗಿಗೆ ಹೆರಿಗೆಯಾಗಿ ವಾರ ಕಳೆದ ಮೇಲೆ ತಿಂಗಳ ರಜೆ ಹಾಕಿ ಬಂದವಳನ್ನು ಕಂಡು ತಂಗಿ, "ಬಾಣಂತನಕ್ಕೆ ಬಾಣಾನೇ ಬಂತು" ಎಂದು ನಕ್ಕಿದ್ದಳು. ಬಂದ ಮೂರು ದಿನದಲ್ಲೇ ಬಾಣದಕ್ಕ ಆ ಮನೆಗೆ ಲೆಕ್ಕವಿಲ್ಲದಷ್ಟು ಬಾಣ ಬಿಟ್ಟಾಗಿತ್ತು. ಚಿಲಕ ಓರೆ, ಕ್ಯಾಲೆಂಡರ್ ಓರೆ, ತಂಗಿಯ ಗಂಡ ತಲೆ ಬಾಚುವುದೂ ಓರೆ. ಕರೆಂಟಿನ ಕಂಬ ಹತ್ತುವ ಲೈನ್‌ಮನ್ ಅವನು. ಆ ಕಂಬಗಳೂ ಓರೆಯೇ ಇರಬೇಕು ಎಂದು ಅವಳ ತೀರ್ಮಾನ.

"ಯಾಕೆ ಅತ್ತೆಮ್ಮ, ತಿದ್ದಿದ್ರೆ ಕೌದಿಗೆ ನೋವಾಗುತ್ತಾ?"

ಅತ್ತೆಮ್ಮ ನಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು. ಹಳೆಯ ಗಾಯದ ಕಟ್ಟು ಬಿಚ್ಚುವವಳ ಹಾಗೆ, ನಿಧಾನವಾಗಿ ಹೇಳಿದಳು.

"ಆಗ ಈ ಮನೇಲಿ ಒಂಬತ್ತು ಜನ. ಮದುವೆಗೆ ಅಂತ ಕೌದಿ ಹೊಲಿಯೋಕೆ ಒಬ್ಬಳನ್ನ ಕರೆಸಿದ್ರು. ಅವಳಿಗೊಂದು ಮಗು, ಮೂರು ವರ್ಷದ್ದು. ಕೌದಿ ಮುಗಿದ ದಿನ ಮನೆಯವರು ಒಂದು ಹೊಲಿಗೆ ಸೊಟ್ಟ ಇದೆ ಅಂತ ತೋರ್ಸಿ ನಕ್ಕರು. ಎಲ್ಲ ಬಿಚ್ಚಿ ಮತ್ತೆ ಹೊಲಿ, ಮುಗಿಯೋವರೆಗೂ ಹೊಸಲು ದಾಟಬೇಡ ಅಂದ್ರು. ಮಗುಗೆ ಜ್ವರ ಅಂತ ಕೈ ಮುಗಿದಳು. ಬಿಡ್ಲಿಲ್ಲ. ಏಳು ದಿನ ಕೂತು ಹೊಲಿದಳು. ಅಷ್ಟ್ರಲ್ಲಿ ಮಗು ಹೋಗಿತ್ತು. ಮಣ್ಣು ಮಾಡಿ ತಿರುಗಿ ಬಂದಳು ಕಣಮ್ಮ. ಒಂದು ಮೂಲೆ ಮಡಿಸೋದು ಉಳಿದಿದೆ ಅಂತ ಕೂತಳು. ಮುಗಿಸಿ ಕೈಗೆ ಕೊಟ್ಟು ಒಂದೇ ಮಾತು ಅಂದ್ಲು. ತಪ್ಪು ಹುಡುಕಿದ್ರಲ್ಲ, ಇನ್ನು ತಪ್ಪಲ್ಲ. ಯಾರಿಗೂ ತಪ್ಪಲ್ಲ."

"ಆಮೇಲೆ?"

"ಆಮೇಲೆ ಒಬ್ಬೊಬ್ಬರೇ ನೆಟ್ಟಗಾದ್ರು. ಎಳೆದು ಕಟ್ಟಿದ ದಾರದ ಹಾಗೆ. ಬೆಳಿಗ್ಗೆ ಬಿದ್ದೋರು ಸಂಜೆ ದಾಟ್ತಿರ್ಲಿಲ್ಲ. ಕೌದಿ ಸುಟ್ಟು ನೋಡಿದ್ವಿ, ಬೆಂಕಿ ಹತ್ಲಿಲ್ಲ. ಬಾವಿಗೆ ಹಾಕಿದ್ವಿ, ಬೆಳಿಗ್ಗೆ ನೋಡಿದ್ರೆ ಹಗ್ಗದ ಮೇಲೆ ಒಣಗ್ತಿತ್ತು. ನಾನು ಬಿದ್ದಾಗ ನನ್ನ ಗಂಡ, ಸೂಜಿ ಯಾವ ಕಡೆ ಹಿಡೀಬೇಕು ಅಂತ ಗೊತ್ತಿಲ್ಲದ ಮನುಷ್ಯ, ಒಂದು ಸಾಲು ಬಿಚ್ಚಿ ಅಳ್ತಾ ಹೊಲಿದ್ರು. ಕೈ ತಪ್ಪಿತು. ನಾನು ಎದ್ದೆ. ಹೊಲಿಗೆ ತಪ್ಪಿದ್ರೆ ಸಾವು ತಪ್ಪುತ್ತೆ. ಬೇಕೂಂತ ತಪ್ಪಿಸಿದ್ರೆ ನಿಲ್ಲಲ್ಲ. ಕೈ ತಾನಾಗಿ ತಪ್ಪಬೇಕು. ಅವರು ಬಿದ್ದಾಗ ನನ್ನ ಕೈ ತಪ್ಪಲೇ ಇಲ್ಲ. ಮಗನಿಗೆ ತಪ್ಪಿತು. ನಿನ್ನ ತಂಗಿಗೆ ಹೋದ ವರ್ಷ, ಕೂಸಿಗೆ ಹುಟ್ಟಿದ ವಾರ. ನಾಲ್ಕು ತಪ್ಪು, ನಾಲ್ಕು ಜನ."

ಬಾಣದಕ್ಕ ಕೌದಿಯನ್ನು ಹೆಗಲಿಗೆ ಎಸೆದುಕೊಂಡಳು. "ನಮ್ಮಲ್ಲೂ ಹೀಗೇ ಅತ್ತೆಮ್ಮ. ಹೊಲಿಗೆ ಸೊಟ್ಟ ಹೋದ್ರೆ ಒಬ್ಬಳು ಮಿಷಿನ್ ಸರಿಯಿಲ್ಲ ಅಂತಾಳೆ, ಇನ್ನೊಬ್ಬಳು ಕಣ್ಣು ಉರೀತಿತ್ತು ಅಂತಾಳೆ. ಮಾಟ ಆಗಿದೆ ಅಂದೋರು ನೀವೇ ಮೊದಲು."

ಒಳಕೋಣೆಯಿಂದ ತಂಗಿಯ ದನಿ ಬಂತು. "ಅಕ್ಕಾ, ಅದಕ್ಕೆ ಕೈ ಹಾಕ್ಬೇಡ."

"ನೀನೂ ಇದನ್ನ ನಂಬ್ತೀಯಾ?"

"ನಂಬಲ್ಲ. ಆದ್ರೂ ಬೇಡ."

ಓದಿದ ತಂಗಿ. ತಾನು ಹಗಲೂ ರಾತ್ರಿ ದುಡಿದು ಓದಿಸಿದ ತಂಗಿ. ಮೂರು ವರ್ಷ ಈ ಮುದುಕಿಯ ಜೊತೆ ಇದ್ದು ಅವಳ ತಲೆಯೂ ಹುಳ ಹಿಡಿದ ಕಾಳಾಯಿತೇ ಎಂದುಕೊಳ್ಳುತ್ತ ಬಾಣದಕ್ಕ ದಡದಡನೆ ಮೆಟ್ಟಿಲು ಹತ್ತಿದಳು.

ಮಾಳಿಗೆಯ ಮೇಲೆ ಕೌದಿಯನ್ನು ಹರಡಿ, ಅಭ್ಯಾಸದಂತೆ ಬಗ್ಗಿ ನೋಡಿದಳು. ಮಾಸಿದ ನೀಲಿ ಬಟ್ಟೆಯ ಮೇಲೆ ಬಿಳಿ ದಾರದ ಸಾಲುಗಳು, ಒಂದರ ಪಕ್ಕ ಒಂದು, ನೂರಾರು. ಅಕ್ಕಿ ಕಾಳಿನಷ್ಟು ಹೊಲಿಗೆ, ಅಕ್ಕಿ ಕಾಳಿನಷ್ಟು ಬಿಡುವು. ಮಿಷಿನ್ನಿಗೂ ಬಾರದ ನೇರ. ಮೆಚ್ಚುವುದು ಅವಳ ನಾಲಿಗೆಗೆ ಒಗ್ಗದ ರುಚಿ. ಆದರೂ ಬೆರಳು ತಾನಾಗಿ ಸಾಲಿನ ಮೇಲೆ ಓಡಿತು. ಓಡಿ, ಎಡವಿತು. ಅಂಚಿನಲ್ಲಿ ಒಂದು ಸಾಲು ಹಾವಿನಂತೆ ಹೊರಳಿತ್ತು. ಅದರಾಚೆ ಒಂದು ಹೊಲಿಗೆ ಮೂರರಷ್ಟು ಉದ್ದ. ಇನ್ನೊಂದರಲ್ಲಿ ಗಂಟು ಮೇಲೆ ಬಂದು ಕೂತಿತ್ತು. ನಾಲ್ಕನೆಯದರಲ್ಲಿ ಒಂದು ಹೊಲಿಗೆಯೇ ಇಲ್ಲ, ಬಿದ್ದ ಹಲ್ಲಿನ ಜಾಗದಂತೆ ಖಾಲಿ.

ಸಾರಿಸಿದ ನೆಲದ ಮೇಲೆ ಯಾರೋ ಉಗಿದಂತೆ ಅವಳಿಗೆ ಕಂಡಿತು.

ಬಿಡೋಣ, ಯಾರ ಮನೆಯದೋ ಚಿಂದಿ, ಎಂದು ಬೆನ್ನು ತಿರುಗಿಸಿದಳು. ಎದುರು ಮಾಳಿಗೆಯ ಬಟ್ಟೆಗಳನ್ನು ಎಣಿಸಿದಳು. ಬೆನ್ನಿನಲ್ಲಿ ಮುಳ್ಳು ಮುರಿದಂತೆ ಆ ನಾಲ್ಕೂ ಚುಚ್ಚುತ್ತಿದ್ದವು. ನಾಲ್ಕು ಹೊಲಿಗೆ, ಕಾಲು ಗಂಟೆಯ ಕೆಲಸ. ತಿದ್ದಿ ಮಡಿಸಿ ಕೊಡುವುದು. ಸಂಜೆ ನಾಲ್ವರನ್ನೂ ಎದುರು ಕೂರಿಸಿ, ಎಲ್ಲಿ, ಯಾರು ಸತ್ತಿರಿ, ಕೈ ಎತ್ತಿ ಎಂದು ಕೇಳುವುದು. ಆಗ ತಂಗಿಯ ತಲೆಯ ಹುಳ ತಾನಾಗಿ ಉದುರುತ್ತದೆ. ದಡ್ಡರಿಗೆ ಬುದ್ಧಿ ಹೇಳುವುದಕ್ಕಿಂತ ಅವರ ದಡ್ಡತನವನ್ನೇ ತಿದ್ದಿಬಿಡುವುದು ಸುಲಭ. ಹಾಗೆಂದುಕೊಂಡು ಸೊಂಟದ ಚೀಲದಿಂದ ಪುಟ್ಟ ಕತ್ತರಿ, ಸೂಜಿ, ಬಿಳಿ ದಾರದ ಉಂಡೆ ತೆಗೆದಳು. ನೀರಿನ ಟ್ಯಾಂಕಿನ ನೆರಳಿಗೆ ಕೌದಿಯನ್ನು ಎಳೆದುಕೊಂಡು ಕೂತಳು.

ಮೊದಲು ಹಾವಿನಂಥ ಸಾಲು. ಕತ್ತರಿ ತಾಗಿದೊಡನೆ ಒಳಗಿನಿಂದ ಒಂದು ವಾಸನೆ ಎದ್ದಿತು: ಹುಳಿಯಾದ ಹಾಲು, ಜ್ವರದ ಬೆವರು. ಕೂಸು ಕಕ್ಕಿರಬೇಕು, ಒಗೆಯಲೂ ಬರದ ಜನ. ಹೊಸ ದಾರ ಪೋಣಿಸಿ ಗೆರೆ ಎಳೆದಂತೆ ಹೊಲಿದಳು. ಕೊನೆಯ ಎಳೆ ಬಿಗಿದಾಗ ಸರ್ರ್ ಎಂದಿತು. ಅವಳ ಕೈ ನಿಂತಿತು. ಸದ್ದು ಮಾತ್ರ ಇನ್ನಷ್ಟು ದೂರ ಹೋಯಿತು.

ಕೆಳಗೆ ಅಡುಗೆಮನೆಯಲ್ಲಿ ಲೋಟವೊಂದು ಬಿದ್ದು ಉರುಳಿತು.

"ಮುದುಕಿ ಕೈಯಲ್ಲಿ ಲೋಟಾನೂ ನಿಲ್ಲಲ್ಲ," ಎಂದುಕೊಂಡಳು.

ಎರಡನೆಯದು, ಉದ್ದ ಹೊಲಿಗೆ. ಬಿಚ್ಚಿದಳು, ಮೂರಾಗಿ ಹೊಲಿದಳು. ಸರ್ರ್. ಸ್ವಲ್ಪ ಹೊತ್ತಿಗೆ ಕೆಳಗೆ ಫೋನು ಬಡಿದುಕೊಳ್ಳತೊಡಗಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಎತ್ತಲು ಈ ಮನೆಯಲ್ಲಿ ಯಾರಿಗೂ ಕೈಯಿಲ್ಲ.

ಮೂರನೆಯದು, ಗಂಟು. ಕೆಳಗೆ ತಂಗಿ ಕೂಸಿಗೆ ಏನೋ ಗುನುಗುತ್ತಿದ್ದಳು. ಗಂಟನ್ನು ಕಿತ್ತು ದಾರವನ್ನು ಒಳಗೆ ಸೇರಿಸಿ ಎಳೆದಾಗ ಗುನುಗು ಪದದ ನಡುವೆ ನಿಂತಿತು. ಸದ್ಯ, ಮಲಗಿದಳು.

ನಾಲ್ಕನೆಯ ಖಾಲಿ ಜಾಗಕ್ಕೆ ಸೂಜಿ ಚುಚ್ಚುವ ಹೊತ್ತಿಗೆ ದಾರ ಮುಗಿದಿತ್ತು. ಸೂಜಿಯನ್ನು ಅಲ್ಲೇ ಸಿಕ್ಕಿಸಿ, ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು, ಅತ್ತೆಮ್ಮನ ಹೊಲಿಗೆ ಡಬ್ಬಿ ತರಲೆಂದು ಇಳಿದಳು.

ಮೆಟ್ಟಿಲಲ್ಲಿ ಕತ್ತಲಿತ್ತು. ಮೋಡ ಬಂದಿರಬೇಕು. ಎಲ್ಲಿಂದಲೋ ಕಾದ ಇಸ್ತ್ರಿಪೆಟ್ಟಿಗೆಯ ವಾಸನೆ. ಅಡುಗೆಮನೆಯ ನೆಲದಲ್ಲಿ ಕಾಲಿಗೆ ನೀರು ತಗಲಿತು. ಬಗ್ಗಿ ನೋಡಿದಳು.

ಅತ್ತೆಮ್ಮ ಅಂಗಾತ ಬಿದ್ದಿದ್ದಳು. ಬಿದ್ದವರು ಹಾಗೆ ಬೀಳುವುದಿಲ್ಲ. ಕೈ ಎರಡೂ ಪಕ್ಕೆಗೆ ಅಂಟಿದ್ದವು. ಕಾಲ ಬೆರಳು ಬಾಗಿಲ ಕಡೆಗೆ ಚಾಚಿದ್ದವು. ಗೂನು ಬೆನ್ನು ನೆಲಕ್ಕೆ ಹಲಗೆಯಂತೆ ಕೂತಿತ್ತು. ಕಣ್ಣು ತೆರೆದಿತ್ತು. ಉಸಿರು ಇತ್ತು, ದಾರದಷ್ಟು.

"ಅತ್ತೆಮ್ಮ. ಏಳಿ. ನಾಟಕ ಸಾಕು."

ಒಳಕೋಣೆಗೆ ಓಡಿದಳು. ಮಂಚದ ಮೇಲೆ ತಂಗಿ ನೆಟ್ಟಗೆ. ಗುನುಗುತ್ತಿದ್ದ ಬಾಯಿ ಅರ್ಧ ಪದಕ್ಕೆ ತೆರೆದೇ ಇತ್ತು. ಬಗಲಲ್ಲಿ ಕೂಸು ಎಚ್ಚರವಾಗಿ, ಅಳದೆ, ಸೂರು ನೋಡುತ್ತಿತ್ತು. ಭುಜ ಹಿಡಿದು ಅಲುಗಿಸಿದಳು. ತಂಗಿ ಮರದ ತುಂಡಿನಂತೆ ಇಡಿಯಾಗಿ ಅಲುಗಿದಳು.

ಫೋನು ಮತ್ತೆ ಬಡಿದುಕೊಂಡಿತು. ಎತ್ತಿದಳು. ಯಾವುದೋ ಗಂಡು ದನಿ ಏದುಸಿರು ಬಿಡುತ್ತಿತ್ತು. "ಮನೆಯವರಾ? ನಿಮ್ಮವರು ಕಂಬದ ಮೇಲೇ ಸೆಟೆದು ನಿಂತುಬಿಟ್ಟಿದ್ದಾರೆ. ಕರೆಂಟ್ ಹೊಡೆದಿಲ್ಲ, ಲೈನ್ ಆಫ್ ಇತ್ತು. ಉಸಿರಿದೆ. ಬೆರಳು ಕಂಬ ಬಿಡ್ತಿಲ್ಲ. ಏನು ಮಾಡ್ಬೇಕು ಹೇಳಿ."

ಬಾಣದಕ್ಕ ಹೆಗಲ ಮೇಲಿನ ಕೌದಿಯನ್ನು ನೋಡಿದಳು. ಫೋನು ಕೈಯಿಂದ ಜಾರಿತು.

ಕೌದಿಯನ್ನು ನೆಲಕ್ಕೆ ಹಾಕಿದಳು. ತಾನು ಹೊಲಿದದ್ದನ್ನು ಬಿಚ್ಚಿದಳು. ಕತ್ತರಿ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯ ದಾರ ಮತ್ತೆ ಬಟ್ಟೆಯೊಳಗೆ ಇಳಿದಿತ್ತು. ಅಕ್ಕಿ ಕಾಳಿನಷ್ಟು ಹೊಲಿಗೆ. ಅಕ್ಕಿ ಕಾಳಿನಷ್ಟು ಬಿಡುವು. ಡಬ್ಬಿಯಿಂದ ಬೇರೆ ಸೂಜಿ ತೆಗೆದಳು. ಬೇಕೆಂದೇ ಸೊಟ್ಟ ಹೊಲಿದಳು. ನೋಡನೋಡುತ್ತ ಸೊಟ್ಟ ಹೊಲಿಗೆ ಹುಳುವಿನಂತೆ ಮೈ ಎಳೆದುಕೊಂಡು ಸಾಲಿಗೆ ಸೇರಿತು. ಎಡಗೈಯಲ್ಲಿ ಹೊಲಿದಳು. ನೇರ. ಕಣ್ಣು ಮುಚ್ಚಿ ಹೊಲಿದಳು. ನೇರ. ಹದಿನೆಂಟು ವರ್ಷದ ಕೈ ಅದು. ಅದಕ್ಕೆ ತಪ್ಪಲು ಗೊತ್ತಿರಲಿಲ್ಲ.

ಸರ್ರ್.

ಅವಳು ಎಳೆದದ್ದಲ್ಲ. ನಾಲ್ಕನೆಯ ಸಾಲಿನಲ್ಲಿ ಸಿಕ್ಕಿಸಿಟ್ಟ ಸೂಜಿ ತಾನಾಗಿ ಅರ್ಧ ಒಳಗೆ ಹೋಗಿತ್ತು. ಅದರ ಕಣ್ಣಿನಲ್ಲಿ ದಾರವಿತ್ತು. ಅವಳು ಪೋಣಿಸಿದ ದಾರವಲ್ಲ. ಕಪ್ಪು, ತೆಳು, ಕೂದಲಿನಂಥದು. ಕೌದಿಯ ಒಳಗಿನಿಂದ ಹೊರಟಿತ್ತು. ಮಂಚದ ಮೇಲೆ ಕೂಸು ಒಮ್ಮೆ ಕಿರ್ ಎಂದಿತು. ಮಡಿಸಿಕೊಂಡಿದ್ದ ಅದರ ಕಾಲು ಮೆಲ್ಲಗೆ ನೆಟ್ಟಗಾದವು.

ಬಾಣದಕ್ಕ ದಾರ ಹೊರಟ ಕಡೆ ಬಟ್ಟೆ ಸೀಳಿ, ಕೈಯನ್ನೇ ಒಳಗೆ ತೂರಿಸಿದಳು. ಆ ದಾರದ ಬುಡ ಕೀಳಬೇಕು. ಒಳಗೆ ಬಿಸಿ. ಜ್ವರದ ಹಣೆ ಮುಟ್ಟಿದಷ್ಟು ಬಿಸಿ. ಬೆರಳಿಗೆ ಮೆತ್ತನೆಯದೇನೋ ಸಿಕ್ಕಿತು. ಎಳೆದಳು. ಬಂತು.

ಗೇಣಗಲದ ಅಂಗಿ. ಮೂರು ವರ್ಷದ ಮಗುವಿನದು. ತೊಳೆಯದೆ ಇಟ್ಟದ್ದು; ಕೊರಳ ಹತ್ತಿರ ಹಾಲು ಚೆಲ್ಲಿದ ಕಲೆ. ವಾಸನೆ ಮುಖಕ್ಕೆ ಹೊಡೆಯಿತು. ಅದೇ ಹೊತ್ತಿಗೆ ಅವಳ ಹೆಬ್ಬೆರಳು, ಯಾರೂ ಹೇಳದೆ, ಅಂಗಿಯ ಪಕ್ಕೆಯ ಹೊಲಿಗೆಯ ಮೇಲೆ ಓಡಿತು. ಅಲ್ಲಿ ಸೊಟ್ಟವಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿದಿರಬೇಕು. ಬಾಣದಕ್ಕನ ಬಲಗೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ಕೆಂಪು ಬಾಣದ ಚೀಟಿಯೊಂದನ್ನು ಸುಲಿದು ತಂದಿತು. ಸತ್ತ ಮಗುವಿನ ಅಂಗಿಯ ಹತ್ತಿರ ತಂದು ಹಿಡಿಯಿತು.

ಅವಳು ತನ್ನ ಕೈಯನ್ನು ನೋಡಿದಳು.

ಹಾವು ಕಂಡವರಂತೆ ನೋಡಿದಳು. ಇದು ಯಾರ ಕೈ. ಇಷ್ಟು ವರ್ಷ ಇದು ಏನೆಲ್ಲ ಮಾಡಿಬಂದಿದೆ. ಗಂಟಲಲ್ಲಿ ಎಂದೂ ಹುಟ್ಟದ ಮಾತೊಂದು ಎದ್ದು ಹಲ್ಲಿಗೆ ಬಡಿಯಿತು.

"ತಪ್ಪಾಯ್ತು," ಎಂದಳು.

ಯಾರಿಗೆ ಹೇಳಿದಳೋ ಅವಳಿಗೇ ತಿಳಿಯದು. ಅಡುಗೆಮನೆಯಲ್ಲಿ ಬಿದ್ದವಳಿಗೋ, ಮಂಚದ ಮೇಲಿನವಳಿಗೋ, ಆ ಅಂಗಿಗೋ. ಮಾತು ಹೊರಬಿದ್ದದ್ದೇ ಕೈ ನಡುಗತೊಡಗಿತು. ಅದೇ ನಡುಗುವ ಕೈಯಲ್ಲಿ ಸೂಜಿ ಹಿಡಿದಳು. ಕಣ್ಣೀರಿಗೆ ಸಾಲು ಕಾಣಲಿಲ್ಲ. ಎಲ್ಲಿ ಚುಚ್ಚಿದಳೋ. ಬೆರಳಿಗೂ ಬಟ್ಟೆಗೂ ಸೇರಿಸಿ ಹೊಲಿದಳು. ಒಂದು ಸಾಲು. ಇನ್ನೊಂದು. ಮತ್ತೊಂದು. ಕಪ್ಪೆ ಕುಪ್ಪಳಿಸಿದಂತೆ ಹೊಲಿಗೆ. ರಕ್ತ ಮೆತ್ತಿದ ಹೊಲಿಗೆ. ಒಂದೂ ಅಲುಗಲಿಲ್ಲ. ಒಂದೂ ನೆಟ್ಟಗಾಗಲಿಲ್ಲ.

ಅಡುಗೆಮನೆಯಲ್ಲಿ ಕೆಮ್ಮು ಕೇಳಿತು. ಮಂಚದ ಮೇಲೆ ತಂಗಿಯ ಎದೆ ದೊಡ್ಡದಾಗಿ ಏರಿ ಇಳಿಯಿತು. ನೆಲದ ಮೇಲಿನ ಫೋನು ತನ್ನಷ್ಟಕ್ಕೆ ಕೂಗುತ್ತಿತ್ತು: "ಬಿಟ್ರು, ಬೆರಳು ಬಿಟ್ರು, ಹಿಡ್ಕೊಳ್ರೋ."

ನಾಲ್ಕನೆಯದು ಉಳಿದಿತ್ತು. ಅಲ್ಲಿ ಕಪ್ಪು ದಾರ ಖಾಲಿ ಜಾಗವನ್ನು ಮುಕ್ಕಾಲು ದಾಟಿತ್ತು. ಅದಕ್ಕೆ ಕತ್ತರಿ ಹತ್ತಲಿಲ್ಲ. ಹೊಲಿಯಲು ಹೋದಳು. ಸೂಜಿ ಬಿತ್ತು. ಹೆಕ್ಕಲು ಹೋದಳು. ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಮೊಳೆಯಂತೆ ಸೆಟೆದು ನಿಂತಿದ್ದವು. ಬಗ್ಗಲಿಲ್ಲ. ಮಂಚದ ಮೇಲೆ ಕೂಸಿನ ಪುಟ್ಟ ಮುಷ್ಟಿ ತೆರೆದು, ಬೆರಳು ಒಂದೊಂದಾಗಿ ನೇರವಾಗುತ್ತಿದ್ದವು. ತುಟಿ ನೀಲಿಯಾಗಿತ್ತು.

"ಅತ್ತೆಮ್ಮ," ಎಂದು ಕೂಗಿದಳು. "ನನ್ನ ಬೆರಳು ಬಗ್ತಿಲ್ಲ. ಕೂಸು, ಅತ್ತೆಮ್ಮ, ಕೂಸು."

ಅತ್ತೆಮ್ಮ ಗೋಡೆ ಹಿಡಿದು ಬಂದಳು. ಕೌದಿಯನ್ನು ನೋಡಿದಳು, ಕೂಸನ್ನು ನೋಡಿದಳು. ಬೈಯಲಿಲ್ಲ. ಆಮೇಲೆ ನೆಲದ ಮೇಲಿದ್ದ ಅಂಗಿ ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲೇ ಕೂತಳು.

"ಇದು ಇದರೊಳಗಿತ್ತಾ," ಎಂದಳು. ಅಂಗಿಯ ಕೊರಳನ್ನು ಮುಟ್ಟಿದಳು. "ಸೊಟ್ಟ ಇದೆ ಅಂತ ತೋರ್ಸಿದ್ದು ಮನೆಯವರಲ್ಲಮ್ಮ. ಆಗಷ್ಟೇ ಈ ಮನೆಗೆ ಬಂದ ಮದುಮಗಳು. ನಾನು. ಹದಿನೇಳು ವರ್ಷ ನನಗೆ. ಎಲ್ಲರೂ ನಕ್ಕರು ಅಂತ ಇನ್ನೊಂದ್ಸಲ ತೋರ್ಸಿದೆ."

ಅತ್ತೆಮ್ಮ ಮಂಚದ ಮೇಲಿನ ಕೂಸಿನ ಕಡೆ ತಿರುಗಿದಳು.

"ಈ ಕೂಸಿಗೆ ನನ್ನ ಕೈ ಇನ್ನೊಂದ್ಸಲ ತಪ್ಪಬಹುದು. ನಾಳೆ ಇನ್ನೊಂದು ಹುಟ್ಟುತ್ತೆ, ಅದಕ್ಕೂ ತಪ್ಪಿಸ್ಬೇಕು. ಎಂಟು ಜನ ದಂಡ ಕಟ್ಟಿದ್ರು, ತಾಯಿ. ಕಟ್ಟಬೇಕಾದೋಳು ನಾನೊಬ್ಬಳೇ ತಪ್ಪಿಸ್ಕೊಂಡೆ."

ಅವಳು ಸೂಜಿಯನ್ನು ಹೆಕ್ಕಿಕೊಂಡಳು. ಕೂಸಿನ ಸಾಲನ್ನು ಮುಟ್ಟಲಿಲ್ಲ. ಕೌದಿಯ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು, ಬಾಣದಕ್ಕನ ರಕ್ತ ಮೆತ್ತಿದ ಮೊದಲ ಸಾಲನ್ನು, ತನ್ನ ಸಾಲನ್ನು, ಬಿಚ್ಚತೊಡಗಿದಳು.

"ಬೇಡ ಅತ್ತೆಮ್ಮ. ಅದನ್ನ ತಿದ್ದಬೇಡಿ."

"ಸುಮ್ನಿರು."

ಮುದಿಗಣ್ಣು, ಗಂಟುಗಟ್ಟಿದ ಬೆರಳು. ಆದರೂ ಹೊಲಿಗೆ ಒಂದರ ಹಿಂದೆ ಒಂದು, ಕಾಳು ಜೋಡಿಸಿದಂತೆ ಬಂದವು. ಪ್ರತಿ ಹೊಲಿಗೆಗೂ ಅವಳ ಬೆನ್ನು ಒಂದಿಷ್ಟು ನೇರವಾಯಿತು. ಅತ್ತ ನಾಲ್ಕನೆಯ ಸಾಲಿನಲ್ಲಿ ಕಪ್ಪು ದಾರ ನಿಂತಿತು. ಹಿಂದಕ್ಕೆ ಸರಿಯಿತು. ಕೊನೆಯ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುವ ಮೊದಲು ಅತ್ತೆಮ್ಮ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಇದ್ದರೂ ಬಾಣದಕ್ಕನಿಗೆ ಕಾಣಲಿಲ್ಲ.

"ತಪ್ಪಾಯ್ತು ಕಣೇ," ಎಂದಳು ಅತ್ತೆಮ್ಮ, ಎಷ್ಟೋ ವರ್ಷ ಮಾತುಬಿಟ್ಟ ಗೆಳತಿಗೆ ಹೇಳುವ ಹಾಗೆ.

ಮಂಚದ ಮೇಲೆ ಕೂಸು ಕಾಲು ಮಡಿಸಿಕೊಂಡು ಕಿರಿಚಿ ಅತ್ತಿತು. ತಂಗಿ ಬೆಚ್ಚಿ ಎದ್ದು ಅದನ್ನು ಎದೆಗೆ ಅವಚಿಕೊಂಡಳು.

ಅತ್ತೆಮ್ಮ ದಾರವನ್ನು ಕಚ್ಚಿ ಹರಿದಳು. ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಆ ಪುಟ್ಟ ಅಂಗಿಯನ್ನು ತೊಡೆಯ ಮೇಲೆ ಹರಡಿ, ಸುಕ್ಕು ನೀವಿ, ಮಡಿಸಿ ಎದೆಯ ಮೇಲೆ ಇಟ್ಟುಕೊಂಡಳು. ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆಯನ್ನು ತೊಳೆದು, ಒರೆಸಿ, ಅವರ ಬಾಗಿಲಲ್ಲಿಟ್ಟು ಬರುವವರ ಹಾಗೆ, ಸದ್ದಿಲ್ಲದೆ ನೆಲದ ಮೇಲೆ ನೆಟ್ಟಗೆ ಮಲಗಿದಳು.